ಆರನೆಯ ದೀಪ

ಮಾರ್ಚ್ 4

ಪ್ರೀತಿಯ ಬಿಚ್ಚಮ್ಮನಿಗೆ ಅಮ್ಮನ ಆಶೀರ್ವಾದ.

ನೀನು ಮಾಡಿ ಕಳಿಸಿದ ಪೆಟ್ಟಿಗೆ ಬಂದು ತಿಂಗಳಾಯಿತು. ಚಿಕ್ಕಂದಿನಲ್ಲಿ ಗಡಿಯಾರ, ಟಾರ್ಚು, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಬಿಚ್ಚಿ ನೆಲದ ಮೇಲೆ ಹರವಿಕೊಂಡು ಕೂರುತ್ತಿದ್ದವಳು ಈಗ ಕೂಡಿಸುವುದನ್ನೂ ಕಲಿತಿದ್ದಾಳೆ ಎಂದು ಮೇಲಿನ ಮನೆಯ ನರ್ಸಮ್ಮನ ಮುಂದೆ ಹೇಳಿಕೊಂಡೆ. ಮೈಕನ್ನು ಮೇಜಿನ ಮೇಲಿಟ್ಟು ಹೆಡ್‌ಫೋನ್ ಹಾಕಿಕೊಂಡರೆ ಎದುರಿಗೆ ಕೂತವರ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಅಂಗಡಿಯವರು ಕೊಟ್ಟ ಆ ಕಾಳಿನಷ್ಟು ಚಿಕ್ಕ ಕಿವಿಯ ಯಂತ್ರ ನನ್ನ ಗಂಟುಗಟ್ಟಿದ ಬೆರಳಿಗೆ ಸಿಗುತ್ತಿರಲಿಲ್ಲ, ಸಿಕ್ಕಿದರೆ ಕಿವಿಯಲ್ಲಿ ಶಿಳ್ಳೆ ಹೊಡೆಯುತ್ತಿತ್ತು. ನಿನ್ನ ಹಳೆಯ ಪೆಟ್ಟಿಗೆಯ ನಾಬ್ ತಿರುಗಿಸುವುದೂ ಕಷ್ಟವೇ ಆಗಿತ್ತು. ಇದರಲ್ಲಿ ಎರಡು ಅಗಲ ಬಟನ್. ಬಲಗಡೆಯದು ಒತ್ತಿದರೆ ಏರುತ್ತದೆ, ಎಡಗಡೆಯದು ಒತ್ತಿದರೆ ಇಳಿಯುತ್ತದೆ. ಅಂಗೈಯಿಂದ ಒತ್ತಿದರೂ ನಡೆಯುತ್ತದೆ. ಸುಖವಾಗಿದೆ.

ಇನ್ನು ಸುಖವಿಲ್ಲದ ವಿಷಯ. ಯಾರೋ ಅದನ್ನು ಇಳಿಸುತ್ತಿದ್ದಾರೆ.

ನಗಬೇಡ. ಬೆಳಿಗ್ಗೆ ನನಗೆ ಬೇಕಾದಷ್ಟು ಏರಿಸಿಕೊಂಡಿರುತ್ತೇನೆ. ಸಂಜೆ ನರ್ಸಮ್ಮನ ಜೊತೆ ಪಾರ್ಕಿನಲ್ಲಿ ಸುತ್ತಾಡಿ ಬಂದು ಹೆಡ್‌ಫೋನ್ ಹಾಕಿಕೊಂಡರೆ ಎಲ್ಲರೂ ಬಾಯಿಗೆ ಬಟ್ಟೆ ತುರುಕಿಕೊಂಡು ಮಾತಾಡುವ ಹಾಗೆ ಕೇಳುತ್ತದೆ. ಮೊದಲು ನನ್ನ ಕಿವಿಯೇ ಇನ್ನಷ್ಟು ಕೆಟ್ಟಿತೇನೋ ಎಂದುಕೊಂಡೆ. ಆದರೆ ಬಟನ್ ಒತ್ತಿ ಏರಿಸಿದರೆ ಮತ್ತೆ ಸರಿ. ದಿನಾ ಹೀಗಾಗುವುದಿಲ್ಲ. ವಾರದಲ್ಲಿ ಮೂರು ನಾಲ್ಕು ಸಲ.

ಮನೆಯಲ್ಲಿ ಇರುವವರೇ ಮೂರು ಜನ. ನಿನ್ನ ಅಣ್ಣ ಕೋರ್ಟಿನಲ್ಲಿ ದಿನವಿಡೀ ಸಾಕ್ಷಿಗಳ ಮಾತನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದು, ಟೈಪ್ ಮಾಡಿ, ಹಿಂಡಿದ ಬಟ್ಟೆಯಂತಾಗಿ ಮನೆಗೆ ಬರುತ್ತಾನೆ. ಅವನಿಗೆ ಅಮ್ಮನ ಪೆಟ್ಟಿಗೆಯ ಗೊಡವೆ ಏಕೆ? ಉಳಿದವರು ಯಾರು ಎಂದು ನಾನು ಬರೆಯುವುದಿಲ್ಲ. ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು ಕ್ಲಾಸಿನ ನಡುವೆ ಯಾವಾಗ ಬರುತ್ತಾಳೆ, ಯಾವಾಗ ಹೋಗುತ್ತಾಳೆ ಎಂದು ಲೆಕ್ಕವಿಲ್ಲ, ಹೊತ್ತು ಗೊತ್ತಿಲ್ಲದ ಫೋನು ಬೇರೆ. ಫೋನ್ ಬಂದ ಕೂಡಲೇ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾಳೆ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅರ್ಧ ಆಯುಷ್ಯ ಕೂತವಳು. ದನಿ ತಗ್ಗಿಸಿ ಮಾತಾಡುವವರು ಏನು ಮಾತಾಡುತ್ತಾರೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾಬ್ ಆಗಿದ್ದರೆ ಅದರ ಮೇಲಿನ ಗೆರೆ ಎಲ್ಲಿತ್ತು, ಎಲ್ಲಿಗೆ ಸರಿದಿದೆ ಎಂದು ಕಣ್ಣಿಗಾದರೂ ಕಾಣುತ್ತಿತ್ತು. ಇದನ್ನು ಯಾರು ಮುಟ್ಟಿದರೂ ಗುರುತು ಉಳಿಯುವುದಿಲ್ಲ. ಒಂದು ಮಾತು ಹೇಳು. ಟಿ.ವಿ. ರಿಮೋಟಿನ ಹಾಗೆ ಬೇರೆ ರೂಮಿನಲ್ಲಿ ಕೂತು ಇದನ್ನು ಇಳಿಸಲು ಬರುತ್ತದೆಯೇ?

ಫೋನಿನಲ್ಲಿ ನೀನು ಹೇಳಿದ್ದು ನನಗೆ ಕೇಳುವುದಿಲ್ಲ. ಮೆಸೇಜು ಹಾಕಿದರೆ ಯಾರ್ಯಾರು ನೋಡುತ್ತಾರೋ. ಕಾಗದವನ್ನೇ ಬರೆ.

ಇಂತಿ,
ಅಮ್ಮ


ಮಾರ್ಚ್ 13

ಅಮ್ಮಾ,

ರಿಮೋಟ್ ಇಲ್ಲ. ಇದ್ದಿದ್ದರೆ ನಾನೇ ಇಟ್ಟಿರಬೇಕಿತ್ತಲ್ಲ!

ಒಳಗೆ ಏನಿದೆ ಎಂದು ಹೇಳುತ್ತೇನೆ, ಬೇರೆ ಯಾರಿಗಿಂತಲೂ ನಿನಗೆ ಚೆನ್ನಾಗಿ ತಿಳಿಯುತ್ತದೆ. ಹಳೆಯ ಪೆಟ್ಟಿಗೆಯಲ್ಲಿ ಇಂಗಾಲ ಬಳಿದ ಒಂದು ಪಟ್ಟಿ ಇತ್ತು. ನೀನು ನಾಬ್ ತಿರುಗಿಸಿದಾಗ ಲೋಹದ ಒಂದು ನಾಲಿಗೆ ಅದರ ಮೇಲೆ ಉಜ್ಜಿಕೊಂಡು ಓಡಾಡುತ್ತಿತ್ತು. ಯಾವಾಗಲೂ ಒಂದೇ ಜಾಗದಲ್ಲಿ ನಿಲ್ಲಿಸುತ್ತಿದ್ದೆಯಲ್ಲ, ಅಲ್ಲಿ ಪಟ್ಟಿ ಸವೆದು ಕರಕರ ಎನ್ನುತ್ತಿತ್ತು. ಹೊಸದರಲ್ಲಿ ಉಜ್ಜುವ ಕೆಲಸವೇ ಇಲ್ಲ. ಅದಕ್ಕೆ ಡಿಜಿಟಲ್ ಪೊಟೆನ್ಶಿಯೊಮೀಟರ್ ಎನ್ನುತ್ತಾರೆ, ಉಗುರಿಗಿಂತ ಚಿಕ್ಕ ಚಿಪ್. ಒಳಗೆ ಕರೆಂಟಿಗೆ ತಡೆಯೊಡ್ಡುವ ಪುಟ್ಟ ಪುಟ್ಟ ರೆಸಿಸ್ಟರುಗಳು ಸರಪಳಿಯ ಹಾಗೆ ಒಂದರ ಹಿಂದೊಂದು ನಿಂತಿವೆ. ಒಂದು ಇನ್ನೊಂದಕ್ಕೆ ಸೇರುವ ಕಡೆಯೆಲ್ಲ ನಿನ್ನ ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ಇದ್ದ ಹಾಗೆ ಒಂದೊಂದು ತೂತು ಎಂದುಕೋ. ಅಂಥ ಇನ್ನೂರೈವತ್ತಾರು ತೂತುಗಳಿಗೆ ಚುಚ್ಚುವ ವೈರು ಮಾತ್ರ ಒಂದೇ. ನೀನು ಬಟನ್ ಒತ್ತಿದಾಗ ಒಳಗೆ ಕೂತ ಆಪರೇಟರಮ್ಮ ಆ ವೈರನ್ನು ಕಿತ್ತು ಮುಂದಿನ ತೂತಿಗೆ ಚುಚ್ಚುತ್ತಾಳೆ. ಮೈಕಿನಿಂದ ಬಂದ ಸದ್ದಿನಲ್ಲಿ ಎಷ್ಟು ಪಾಲು ಸದ್ದು ಹಿಗ್ಗಿಸುವ ಆಂಪ್ಲಿಫೈಯರಿಗೆ ಹೋಗಬೇಕೆಂದು ಆ ತೂತು ತೀರ್ಮಾನಿಸುತ್ತದೆ. ಎಲ್ಲ ತೂತುಗಳನ್ನೂ ನಾನು ಬಳಸಿಲ್ಲ. ಕೆಳಗಿನ ತುದಿಯಲ್ಲಿ ಒಂದು ತೂತು ಸರಿದರೂ ಕಿವಿಗೆ ದೊಡ್ಡ ವ್ಯತ್ಯಾಸ, ಮೇಲಿನ ತುದಿಯಲ್ಲಿ ಹತ್ತು ಸರಿದರೂ ಗೊತ್ತಾಗುವುದಿಲ್ಲ. ಆದ್ದರಿಂದ ಕಿವಿಗೆ ಸಮವಾಗಿ ಏರಿದಂತೆ ಅನ್ನಿಸುವವನ್ನಷ್ಟೇ ಆರಿಸಿ ಇಟ್ಟಿದ್ದೇನೆ.

ನಿನ್ನ ಕಾಗದ ಓದಿ ತಲೆ ಕೆಟ್ಟು ನಮ್ಮ ಮೂಗಪ್ಪನವರ ಮುಂದೆ ಎಲ್ಲ ಹೇಳಿಕೊಂಡೆ. ನಾವು ತೂಕ, ಒತ್ತಡ ಅಳೆಯುವ ಉಪಕರಣ ಮಾಡುವ ಈ ಕಂಪನಿಯಲ್ಲಿ ಅವರು ನನ್ನ ಮೇಲಿನವರು. ಯಾವ ಬೋರ್ಡಿನಲ್ಲಿ ಏನು ಸುಟ್ಟಿದೆ ಎಂದು ಮೂಸಿಯೇ ಹೇಳುವುದರಿಂದ ಆ ಹೆಸರು. ಅವರು ಪೂರ್ತಿ ಕೇಳಲೂ ಇಲ್ಲ.

"ಕರೆಂಟ್ ಹೋಗಿ ಬಂದ್ರೆ ನಿನ್ನ ಚಿಪ್ಪು ಎಲ್ಲಿ ಎದ್ದೇಳುತ್ತಮ್ಮಾ?" ಎಂದರು.

ಮಧ್ಯದಲ್ಲಿ ಏಳುತ್ತದೆ ಅಮ್ಮ. ನನ್ನ ಮೇಜಿನಲ್ಲಿ ಇದ್ದದ್ದು ನೆನಪಿಲ್ಲದ ಬಗೆಯ ಚಿಪ್, ಅದನ್ನೇ ಹಾಕಿಬಿಟ್ಟಿದ್ದೆ. ಕರೆಂಟ್ ಹೋದರೆ ಆಪರೇಟರಮ್ಮ ಎದ್ದು ಮನೆಗೆ ಹೋಗುತ್ತಾಳೆ. ಬಂದಾಗ ಹೊಸಬಳೊಬ್ಬಳು ಬಂದು, ಹಿಂದಿನವಳು ಎಲ್ಲಿ ಚುಚ್ಚಿದ್ದಳು ಎಂದು ತಿಳಿಯದೆ, ಬೋರ್ಡಿನ ನಟ್ಟನಡುವೆ ಚುಚ್ಚಿ ಕೂರುತ್ತಾಳೆ. ಯಾರೂ ಇಳಿಸುತ್ತಿಲ್ಲ. ಯಾವಾಗಲೋ ಕರೆಂಟ್ ಹೋಗಿರಬೇಕು ಅಥವಾ ಯಾರೋ ಪ್ಲಗ್ ತೆಗೆದಿರಬೇಕು.

ತಪ್ಪು ನನ್ನದು, ಬೇರೆ ಚಿಪ್ ಹಾಕಿ ಕಳಿಸುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಯಾರ ಮೇಲೂ ಏನೂ ಅನ್ನಬೇಡ.

ನಿನ್ನ
ಬಿಚ್ಚಮ್ಮ


ಮಾರ್ಚ್ 25

ಬಿಚ್ಚಮ್ಮಾ,

ನಿನ್ನ ಕಾಗದ ಎರಡು ದಿನ ತಡವಾಗಿ ಬಂತು. ಅಷ್ಟರಲ್ಲಿ ನಾನು ಅಂದಾಗಿತ್ತು.

ಪೆಟ್ಟಿಗೆಯನ್ನು ಊಟದ ಮೇಜಿಗೇ ತಂದಿಟ್ಟುಕೊಂಡು, ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. "ನನ್ನ ಪೆಟ್ಟಿಗೆ ಯಾರು ಮುಟ್ತಾರೆ?"

"ನೆಲ ಒರೆಸುವಾಗ ವೈರು ಒದ್ದೆ ಆಗ್ಬಾರ್ದು ಅಂತ ಪ್ಲಗ್ ತೆಗೀತೀನಿ, ಅತ್ತೆ. ಆಮೇಲೆ ಹಾಕ್ತೀನಿ. ಅದು ಬಿಟ್ಟು ನಾನು ಅದರ ತಂಟೆಗೆ ಹೋಗಿಲ್ಲ."

"ಸಂಜೆ ಹೊತ್ತು ಯಾರು ನೆಲ ಒರೆಸ್ತಾರೆ?"

ನಿನ್ನ ಅತ್ತಿಗೆ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಒಳಗೆ ಹೋದಳು. ನಿನ್ನ ಅಣ್ಣ ತಲೆ ಎತ್ತದೆ ಊಟ ಮಾಡುತ್ತಿದ್ದ. ಮೈಕನ್ನು ಅವನ ಕಡೆಗೆ ತಿರುಗಿಸಿ, "ನೀನೇನಂತೀಯ?" ಎಂದೆ. "ಚೆನ್ನಾಗಿದೆ, ಉಪ್ಪು ಸರಿಯಾಗಿದೆ" ಎಂದ. ಹೆಂಡತಿಯ ಪರ ಮಾತಾಡಲಾರದೆ, ಅಮ್ಮನ ಪರವೂ ಮಾತಾಡಲಾರದೆ ಜಾರಿಕೊಳ್ಳುವುದನ್ನು ಚೆನ್ನಾಗಿ ಕಲಿತಿದ್ದಾನೆ.

ಆಮೇಲೆ ನಿನ್ನ ಕಾಗದ ಬಂತು. ಓದಿ ಇಬ್ಬರಿಗೂ ಹೇಳಿದೆ. ಪ್ಲಗ್ ತೆಗೆದರೆ ಪೆಟ್ಟಿಗೆ ತಾನೇ ಮರೆಯುತ್ತದಂತೆ ಎಂದೆ. ಅವಳು "ಹಾಗಾದ್ರೆ ಸರಿ" ಎಂದಳು, ಅಷ್ಟೇ. ಅಂದಿನಿಂದ ನನ್ನ ಜೊತೆ ಬೇಕಾದಷ್ಟೇ ಮಾತು.

ಆಪರೇಟರಮ್ಮ ಮನೆಗೆ ಹೋದ ಕಥೆ ಚೆನ್ನಾಗಿದೆ. ನಂಬಲೋ ಬೇಡವೋ ಗೊತ್ತಾಗುತ್ತಿಲ್ಲ. ನಮ್ಮ ಬೀದಿಯಲ್ಲಿ ಕರೆಂಟ್ ಹೋಗುವುದು ಅಪರೂಪ, ನೆಲ ಒರೆಸುವುದು ಬೆಳಿಗ್ಗೆ. ಇಳಿಯುವುದು ಮಾತ್ರ ಸಂಜೆ. ಇದಕ್ಕೆ ನಿನ್ನ ಮೂಗಪ್ಪ ಏನನ್ನುತ್ತಾರೆ ಕೇಳು.

ಇಂತಿ,
ಅಮ್ಮ


ಏಪ್ರಿಲ್ 19

ಅಮ್ಮಾ,

ಹೊಸ ಪೆಟ್ಟಿಗೆ ಪಾರ್ಸಲಿನಲ್ಲಿ ಬರುತ್ತಿದೆ. ಇದರ ಚಿಪ್ಪಿಗೆ ನೆನಪಿದೆ. ಪ್ಲಗ್ ಕಿತ್ತರೂ, ತಿಂಗಳುಗಟ್ಟಲೆ ಕಪಾಟಿನಲ್ಲಿಟ್ಟರೂ, ಮತ್ತೆ ಹಾಕಿದಾಗ ಕೊನೆಯ ಸಲ ಎಲ್ಲಿತ್ತೋ ಅಲ್ಲೇ ಏಳುತ್ತದೆ. ಆದರೆ ಹೀಗೆ ನೆನಪಿನಲ್ಲಿ ಬರೆದು ಬರೆದು ಚಿಪ್ಪಿನ ಆ ಜಾಗ ಸವೆಯುತ್ತದೆ, ಇಂತಿಷ್ಟು ಸಲ ಎಂದು ಮಿತಿ ಇರುತ್ತದೆ. ನೀನು ಬಟನ್ ಒತ್ತಿದ ಪ್ರತಿ ಸಲವೂ ಬರೆಯದೆ, ಕೈ ತೆಗೆದು ಸ್ವಲ್ಪ ಹೊತ್ತಾದ ಮೇಲೆ ಒಮ್ಮೆ ಮಾತ್ರ ಬರೆಯುವ ಹಾಗೆ ಮಾಡಿದ್ದೇನೆ. ಒಳ್ಳೆಯ ಗುಮಾಸ್ತನ ಹಾಗೆ, ಹೇಳುವವರು ಮುಗಿಸಿದರೇ ಎಂದು ನೋಡಿಕೊಂಡು ಆಮೇಲೆ ಬರೆದುಕೊಳ್ಳುತ್ತದೆ.

ಮುಂದುಗಡೆ ಹತ್ತು ಪುಟ್ಟ ದೀಪಗಳ ಸಾಲು ಇಟ್ಟಿದ್ದೇನೆ. ಎಷ್ಟು ಏರಿಸಿದ್ದೀಯೋ ಅಷ್ಟು ದೀಪ ಹತ್ತುತ್ತವೆ. ಇನ್ನು ಕಣ್ಣಲ್ಲೇ ನೋಡಬಹುದು.

ಅತ್ತಿಗೆಗೆ ನನ್ನ ಪರವಾಗಿ ಸಾರಿ ಎಂದು ಹೇಳು. ನಿನ್ನ ಪರವಾಗಿಯೂ ಹೇಳಿಕೋ.

ನಿನ್ನ
ಬಿಚ್ಚಮ್ಮ


ಮೇ 12

ಬಿಚ್ಚಮ್ಮಾ,

ನಿನಗೆ ಬರೆಯಬಾರದು ಎಂದು ಒಂದು ವಾರ ಕೈ ಕಟ್ಟಿಕೊಂಡು ಕೂತೆ.

ಪೆಟ್ಟಿಗೆ ಬಂದ ಮೊದಲ ದಿನಗಳು ಒಳ್ಳೆಯದಾಗಿ ಹೋದವು. ಒಂಬತ್ತು ದೀಪ ನನ್ನ ಲೆಕ್ಕ. ಪ್ಲಗ್ ಕಿತ್ತು ಹಾಕಿ ನೋಡಿದೆ, ಒಂಬತ್ತೇ. ನಾನು ನಿನ್ನ ಅತ್ತಿಗೆಯನ್ನು ಸುಮ್ಮನೆ ಅಂದುಬಿಟ್ಟೆ ಎನ್ನಿಸಿತು. ಹೇಳಿಬಿಡೋಣ ಎಂದು ಅಡುಗೆಮನೆಯ ಬಾಗಿಲವರೆಗೂ ಹೋದೆ. ಅವಳು ಬೆನ್ನು ತಿರುಗಿಸಿ ಫೋನಿನಲ್ಲಿ ಇದ್ದಳು, ವಾಪಸು ಬಂದೆ.

ಆಮೇಲೆ ಒಂದು ಸಂಜೆ ಪಾರ್ಕಿನಿಂದ ಬಂದು ನೋಡಿದರೆ ಆರು ದೀಪ.

ನನ್ನ ತಲೆಯೇ ಕೆಟ್ಟಿತೇನೋ ಎಂಬ ಅನುಮಾನ ನಿನಗೆ ಬರಬಾರದು ಎಂದು ಮಾರನೆಯ ದಿನ ನರ್ಸಮ್ಮನನ್ನು ಕರೆದು, ಒಂಬತ್ತು ದೀಪವನ್ನು ಅವಳಿಂದಲೇ ಎಣಿಸಿಸಿ, ಜೊತೆಯಲ್ಲೇ ಹೊರಟೆ. ಬಂದಾಗ ಆರು. ಇಬ್ಬರೂ ನೋಡಿದೆವು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅದಾದ ಮೇಲೆ ನಾಲ್ಕು ಸಲ ಹೀಗಾಗಿದೆ.

ಈಗ ಹೇಳು. ಚಿಪ್ಪು ಮರೆಯುವುದಿಲ್ಲ ಎಂದು ನೀನೇ ಬರೆದೆ. ಕರೆಂಟಿನ ಮೇಲೆ ಹೊರಿಸಲು ಬರುವುದಿಲ್ಲ. ಇನ್ನು ಉಳಿದದ್ದು ಮನುಷ್ಯರ ಬೆರಳು.

ನಿಮ್ಮ ಊರಿನಲ್ಲಿ ಒಬ್ಬಳೇ ಇರುವಂಥ ಒಂದು ರೂಮು ನೋಡು. ನೆಲಮಹಡಿಯಲ್ಲಿ ಇರಲಿ. ನನ್ನ ಟ್ರಂಕು ಮಂಚದ ಕೆಳಗಿನಿಂದ ತೆಗೆದು ಒರೆಸಿಟ್ಟಿದ್ದೇನೆ. ನಾನು ಕೇಳಬಾರದ ಮಾತು ಏನು ಆಡುತ್ತಾರೋ ಆಡಿಕೊಳ್ಳಲಿ, ಅದಕ್ಕೆ ನನ್ನ ಕಿವಿ ಅಡ್ಡ ಬರುವುದು ಬೇಡ.

ಇಂತಿ,
ಅಮ್ಮ


ಮೇ 18

ಅತ್ತಿಗೆ, ನಮಸ್ಕಾರ.

ನಿಮಗೆ ಹೀಗೆ ಬರೆಯಬೇಕಾಗಿ ಬಂದದ್ದಕ್ಕೆ ಬೇಸರವಿದೆ. ಹಳೆಯ ಪೆಟ್ಟಿಗೆಯಲ್ಲಿ ದೋಷವಿತ್ತು, ಒಪ್ಪಿಕೊಂಡಿದ್ದೇನೆ. ಹೊಸದನ್ನು ನನ್ನ ಮೇಜಿನ ಮೇಲೆ ದಿನಗಟ್ಟಲೆ ಪ್ಲಗ್ ಕಿತ್ತು, ಹಾಕಿ, ಬಿಸಿ ಮಾಡಿ, ತಣ್ಣಗೆ ಮಾಡಿ ನೋಡಿಯೇ ಕಳಿಸಿದ್ದು. ಒಂಬತ್ತರಲ್ಲಿ ಇಟ್ಟದ್ದು ಬಟನ್ ಒತ್ತದೆ ಆರಕ್ಕೆ ಇಳಿಯಲು ದಾರಿಯೇ ಇಲ್ಲ.

ಅಮ್ಮನ ಬಾಯಿ ಜೋರು, ಗೊತ್ತು. ಆದರೆ ಕೇಳಿಸದವರ ಕಿವಿಯನ್ನು ಮುಚ್ಚುವುದು ಬಹಳ ಸುಲಭ. ನಿಮ್ಮ ನಡುವೆ ಏನಾದರೂ ಇದ್ದರೆ ಮಾತಾಡಿ ಬಗೆಹರಿಸಿಕೊಳ್ಳಬಹುದಲ್ಲ.

ಇಂತಿ,
ನಿಮ್ಮ ನಾದಿನಿ


ಮೇ 27

ನಾದಿನಿಯವರಿಗೆ,

ಇಷ್ಟು ವರ್ಷ ನಿನ್ನನ್ನು ಏಕವಚನದಲ್ಲೇ ಕರೆದೆ. ಈ ಕಾಗದದಲ್ಲಿ 'ನೀವು' ಎನ್ನುತ್ತೇನೆ, ಯಾಕೆಂದು ನಿಮಗೇ ಗೊತ್ತು.

ನಿಮ್ಮ ಪೆಟ್ಟಿಗೆಯನ್ನು ನಾನು ಮುಟ್ಟಿದ್ದು ಒಂದೇ ಸಲ, ಅದೂ ನಿಮ್ಮ ಕಾಗದ ಬಂದ ಮೇಲೆ. ಅಷ್ಟೊಂದು ದೊಡ್ಡ ಅಪರಾಧ ಮಾಡಿದ್ದೇನಲ್ಲ, ಹೇಗಿರುತ್ತದೋ ನೋಡಿಯೇಬಿಡೋಣ ಎಂದು ಮೊನ್ನೆ ಆರು ದೀಪ ಹತ್ತಿದ್ದಾಗ ಹೆಡ್‌ಫೋನ್ ಹಾಕಿಕೊಂಡೆ. ಅಷ್ಟರಲ್ಲಿ ನನ್ನ ಕೈ ತಗುಲಿ ಚಮಚವೊಂದು ಕೆಳಗೆ ಬಿತ್ತು. ತಲೆಗೆ ಸುತ್ತಿಗೆಯಲ್ಲಿ ಹೊಡೆದ ಹಾಗಾಗಿ ಕಿತ್ತೆಸೆದೆ. ಬಹಳ ಹೊತ್ತು ಕಿವಿ ಗುಂಯ್ ಎನ್ನುತ್ತಿತ್ತು. ಇದಕ್ಕೆ ಕಿವಿ ಮುಚ್ಚಿಸುವುದು ಎನ್ನುತ್ತೀರಾ?

ನನಗೂ ಅನುಮಾನ ಪಡಲು ಬರುತ್ತದೆ. ಅತ್ತೆ ತಾವೇ ಇಳಿಸಿಟ್ಟು ನನ್ನ ಮೇಲೆ ಹೇಳುತ್ತಿದ್ದಾರೋ ಎಂದುಕೊಂಡಿದ್ದೆ. ನಿಮ್ಮ ಮನೆಗೆ ಬರಲು ನೆಪ ಬೇಕಾಗಿದೆಯೋ ಏನೋ. ನಿಮ್ಮ ಅಣ್ಣನನ್ನು ಕೇಳೋಣ ಎಂದರೆ ಅವರಿಗೆ ಮನೆಯ ಧ್ಯಾನವೇ ಇಲ್ಲ. ಕೋರ್ಟಿನಿಂದ ಬಂದವರು ಮುಂದಿನ ರೂಮಿನ ಬಾಗಿಲು ಹಾಕಿಕೊಳ್ಳುತ್ತಾರೆ, ನಾನು ಸಂಜೆಯ ಕ್ಲಾಸು ಮುಗಿಸಿ ಬಂದರೂ ತೆಗೆದಿರುವುದಿಲ್ಲ. ಬಾಗಿಲು ಬಡಿದರೆ ಉತ್ತರವಿಲ್ಲ. ಕರೆದರೆ ಒಮ್ಮೊಮ್ಮೆ ತಿರುಗಿಯೂ ನೋಡುವುದಿಲ್ಲ. ನನ್ನ ಮೇಲೆ ಅವರಿಗೆ ಏನು ಕೋಪವೋ, ಅಥವಾ ಬಾಗಿಲ ಹಿಂದೆ ಇನ್ನೇನು ಇದೆಯೋ.

ರಜೆ ಸಿಕ್ಕ ಕೂಡಲೇ ನಮ್ಮ ಅಕ್ಕನ ಮನೆಗೆ ಹೋಗುತ್ತೇನೆ. ಆಮೇಲೆ ಪೆಟ್ಟಿಗೆಯ ದೀಪ ಎಷ್ಟು ಹತ್ತಿವೆ ಎಂದು ನೀವು ನೀವೇ ಎಣಿಸಿಕೊಳ್ಳಿ.

ಇಂತಿ,
ನಿಮ್ಮ ಅತ್ತಿಗೆ


ಜೂನ್ 4

ಅತ್ತಿಗೆ,

ನಿಮ್ಮ ಕಾಗದ ಓದಿ ಮೊದಲು ನಾಚಿಕೆಯಾಯಿತು, ಆಮೇಲೆ ಭಯವಾಯಿತು. ನಾಚಿಕೆಯ ಮಾತು ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಭಯದ ಮಾತು ತಡಮಾಡುವ ಹಾಗಿಲ್ಲ, ನೀವು ನನ್ನ ಫೋನ್ ಎತ್ತುತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ದಯವಿಟ್ಟು ಅಕ್ಕನ ಮನೆಗೆ ಹೋಗುವ ಮೊದಲು ಇದನ್ನು ಓದಿ.

ಅಮ್ಮನಿಗೆ ಕೇಳಿಸಬಾರದು ಎನ್ನುವವರು ಪೂರ್ತಿ ಇಳಿಸುತ್ತಾರೆ. ಒಂದಕ್ಕೋ ಎರಡಕ್ಕೋ. ಇದು ಪ್ರತಿ ಸಲವೂ ಆರರಲ್ಲೇ ನಿಂತಿದೆ. ಅಷ್ಟೂ ಸಲ ಆರು. ಇದು ಇಳಿಸಿದ್ದಲ್ಲ ಅತ್ತಿಗೆ, ಯಾರೋ ತಮಗೆ ಸರಿಯಾಗಿ ಕೇಳಿಸುವಷ್ಟಕ್ಕೆ ಇಟ್ಟುಕೊಂಡದ್ದು. ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಆರರಲ್ಲಿ ನಿಮಗೆ ಸುತ್ತಿಗೆ ಹೊಡೆದ ಹಾಗಾಯಿತು ಎಂದಿರಿ. ಸರಿಯಾದ ಕಿವಿ ಇರುವ ಯಾರಿಗೂ ಹಾಗೇ ಆಗುತ್ತದೆ. ಆರು ದೀಪದಲ್ಲಿ ಆರಾಮವಾಗಿ ಕೇಳಬೇಕಾದರೆ ಅವರ ಕಿವಿ ಅಮ್ಮನಷ್ಟು ಕೆಡದಿದ್ದರೂ ಸಾಕಷ್ಟು ಕೆಟ್ಟಿರಬೇಕು. ಅಮ್ಮನ ಕಿವಿಯಲ್ಲಿ ಮೊದಲು ಹೋದದ್ದು ಸ, ಶ, ಚ ಇಂಥ ಸಣ್ಣ ಸದ್ದುಗಳು. ಅವನ್ನೇ ಎತ್ತಿಕೊಡುವ ಹಾಗೆ ಆ ಪೆಟ್ಟಿಗೆಯನ್ನು ಮಾಡಿದ್ದೇನೆ. ಅಮ್ಮನ ಅಪ್ಪನಿಗೂ ಇದೇ ಬಗೆಯ ಕಿವುಡು ಇತ್ತಂತೆ. ರಕ್ತದಲ್ಲಿ ಬಂದದ್ದು.

ಕರೆದರೆ ಅಣ್ಣ ತಿರುಗಿ ನೋಡುವುದಿಲ್ಲ ಎಂದು ಬರೆದಿದ್ದೀರಿ. ನೀವು ಯಾವ ಕಡೆಯಿಂದ ಕರೆದಾಗ? ಟಿ.ವಿ. ಎಷ್ಟು ಜೋರಾಗಿ ಇಡುತ್ತಾನೆ? ಅಮ್ಮ ಏನೋ ಕೇಳಿದರೆ ಉಪ್ಪು ಸರಿಯಾಗಿದೆ ಎಂದನಂತೆ. ಅದನ್ನು ಓದಿ ನಾನೂ ನಕ್ಕಿದ್ದೆ.

ಅವನ ಕೆಲಸವೇ ಸಾಕ್ಷಿಗಳ ಮಾತು ಕೇಳಿ ಬರೆದುಕೊಳ್ಳುವುದು. ನನ್ನ ಊಹೆ ತಪ್ಪಾಗಲಿ. ಅಮ್ಮನಿಗೆ ನಾನು ಇನ್ನೂ ಏನೂ ಬರೆದಿಲ್ಲ.

ಇಂತಿ,
ನಿಮ್ಮ ನಾದಿನಿ


ಜೂನ್ 30

ಪ್ರೀತಿಯ ನಾದಿನಿ,

ನಿನ್ನ ಊಹೆ ತಪ್ಪಾಗಲಿಲ್ಲ.

ಕಾಗದ ಕೈಗೆ ಬಂದಾಗ ಚೀಲ ತುಂಬಿಕೊಳ್ಳುತ್ತಿದ್ದೆ. ಓದಿ ಅಲ್ಲೇ ಮಂಚದ ಮೇಲೆ ಕೂತೆ. ಎರಡು ವಾರ ಸುಮ್ಮನೆ ನೋಡುತ್ತಾ ಇದ್ದೆ, ಕಳ್ಳನನ್ನು ಕಾದ ಹಾಗೆ. ಎಡಗಡೆಯಿಂದ ಮಾತಾಡಿಸಿದರೆ ನಗುತ್ತಾರೆ, ಅಷ್ಟೇ. ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದರೆ "ಆಮೇಲೆ ನೋಡೋಣ" ಎನ್ನುತ್ತಾರೆ. ಏನು ಕೇಳಿದರೂ ಆಮೇಲೆ ನೋಡೋಣ. ಮದುವೆಯಾಗಿ ಇಷ್ಟು ವರ್ಷಕ್ಕೆ ಬೇಜಾರಾಗಿದ್ದಾರೆ ಎಂದುಕೊಂಡಿದ್ದೆನಲ್ಲ, ನನ್ನ ಬುದ್ಧಿಗೆ ಏನನ್ನಬೇಕು.

ಆಮೇಲೆ ಒಂದು ಸಂಜೆ ಕ್ಲಾಸು ಬಿಟ್ಟು ಬೇಗ ಮನೆಗೆ ಬಂದೆ. ಅತ್ತೆ ಪಾರ್ಕಿಗೆ ಹೋಗಿದ್ದರು. ಮುಂದಿನ ರೂಮಿನ ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ತಳ್ಳಿದೆ. ಬೆನ್ನು ಹಾಕಿ ಕೂತಿದ್ದರು. ಅತ್ತೆಯ ಪೆಟ್ಟಿಗೆ ಮೇಜಿನ ಮೇಲೆ, ತಲೆಗೆ ಹೆಡ್‌ಫೋನ್, ಮೈಕಿನ ಮುಂದೆ ಕೋರ್ಟಿನ ರೆಕಾರ್ಡರು. ಅದರಲ್ಲಿ ಯಾರೋ ಹೆಂಗಸು ಮಾತಾಡುತ್ತಿದ್ದಳು. ಇವರು ಶಾರ್ಟ್‌ಹ್ಯಾಂಡ್ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತಿದ್ದರು. "ರೀ" ಎಂದೆ. ಮೂರು ಸಲ ಎಂದೆ. ಹೋಗಿ ಭುಜ ಮುಟ್ಟಿದಾಗ ಕುರ್ಚಿಯಿಂದ ಹಾರಿಬಿದ್ದರು.

"ಯಾವಾಗಿಂದ ಹೀಗೆ?" ಎಂದೆ.

"ಒಂದೂವರೆ ವರ್ಷ. ಮೊದಲು ಎಡಗಿವಿ, ಈಗ ಎರಡೂ. ತುಟಿ ನೋಡ್ಕೊಂಡು ಬರೀತೀನಿ."

"ಸಾಕ್ಷಿ ಆ ಕಡೆ ತಿರುಗಿ ಮಾತಾಡಿದ್ರೆ?"

"ಅಂದಾಜು."

"ಅಂದಾಜಾ? ಕೋರ್ಟಲ್ಲಾ?"

ಆಮೇಲೆ ಎಲ್ಲ ಹೇಳಿದರು. ಅತ್ತೆಯ ಪೆಟ್ಟಿಗೆ ಬಂದ ಹೊಸದರಲ್ಲಿ ಸುಮ್ಮನೆ ಒಮ್ಮೆ ಹಾಕಿ ನೋಡಿದರಂತೆ. "ನನಗೆ 'ಸ' ಕೇಳಿಸ್ತು ಕಣೇ. ಎಷ್ಟೋ ದಿನದ ಮೇಲೆ" ಎಂದರು. ಆಗ ಅವರ ಮುಖ ನೋಡಿದ್ದರೆ ನೀನೂ ಅಳುತ್ತಿದ್ದೆ. ಮಾರನೆಯ ದಿನ ಹೇಳದೆ ಕೇಳದೆ ಕೋರ್ಟಿನ ರೆಕಾರ್ಡರನ್ನೇ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದರಂತೆ. ಒಬ್ಬ ಮನುಷ್ಯನ ಮೇಲೆ ಬಸ್ಸಿನಲ್ಲಿ ಹೆಂಗಸಿನ ಚೀಲ ಕಿತ್ತುಕೊಂಡನೆಂದು ಕೇಸು. ಸಾಕ್ಷಿ, "ಅವನು ಕಿಟಕಿಯಿಂದ ಚೀಲ ಎಸೆದ" ಎಂದಿದ್ದಳು. ಚೀಲದ ಹೆಂಗಸು ಅದನ್ನು ಬಸ್ಸಿನಲ್ಲೇ ಮರೆತು ಇಳಿದಿದ್ದಳು, ಅವನು ಅವಳಿಗೇ ಎಸೆದದ್ದು. ಇವರು ಬರೆದುಕೊಂಡದ್ದು "ಎಳೆದ" ಎಂದು. ಒಂದು ಅಕ್ಷರ. ಬೆಳಿಗ್ಗೆ ಓಡಿಹೋಗಿ ಜಡ್ಜ್ ಸಹಿ ಮಾಡುವ ಮೊದಲು ತಿದ್ದಿದರಂತೆ. ಅಂದಿನಿಂದ, ಅನುಮಾನ ಬಂದ ದಿನವೆಲ್ಲ ರೆಕಾರ್ಡರು ಮನೆಗೆ ಬರುತ್ತದೆ, ಅತ್ತೆ ಪಾರ್ಕಿಗೆ ಹೋದ ಮೇಲೆ ಪೆಟ್ಟಿಗೆ ಮುಂದಿನ ರೂಮಿಗೆ ಬರುತ್ತದೆ.

"ಕೇಳಿದ ಮೇಲೆ ವಾಪಸ್ ಏರಿಸಿ ಇಡೋಕೆ ಏನಾಗಿತ್ತು?" ಎಂದೆ.

"ಪ್ಲಗ್ ತೆಗೆದ್ರೆ ಅದೇ ಮರೆತುಬಿಡುತ್ತಲ್ಲ. ತಪ್ಪು ಅದರ ಮೇಲೇ ಹೋಗುತ್ತೆ ಅಂದ್ಕೊಂಡೆ."

ಹೊಸದಕ್ಕೆ ನೆನಪಿದೆ ಎಂದು ನಾನೇ ಅವರಿಗೆ ಹೇಳಿದ್ದೆ, ಪಾತ್ರೆ ತೊಳೆಯುತ್ತಾ. ನಲ್ಲಿಯ ಸದ್ದಿನಲ್ಲಿ ಅದು ಅವರಿಗೆ ಮುಟ್ಟಿಯೇ ಇರಲಿಲ್ಲ.

ನನಗೆ ಆಗ ಕೋಪ ಬಂತು. "ಅತ್ತೆ ನನ್ನ ಮೇಲೆ ಹೊರಿಸಿದಾಗ ಕಲ್ಲಿನ ಹಾಗೆ ಕೂತಿದ್ರಲ್ಲ" ಎಂದೆ.

"ಆವತ್ತು ಅರ್ಧ ಮಾತು ಕೇಳಿಸ್ಲಿಲ್ಲ. ಕೇಳಿಸಿದ ಅರ್ಧಕ್ಕೆ ಹೆದರಿಬಿಟ್ಟೆ" ಎಂದರು. ಕ್ಷಮಿಸು ಎಂದೂ ಹೇಳಿದರು. ನಾನು ಇನ್ನೂ ಕ್ಷಮಿಸಿಲ್ಲ, ಅದು ನಮ್ಮಿಬ್ಬರ ವಿಷಯ.

ಈಗ ಸಂಕಟ ಏನೆಂದರೆ, ಕೋರ್ಟಿನಲ್ಲಿ ಹೇಳಿದರೆ ಕೆಲಸದ ಗತಿ ಏನೋ, ಹೇಳದಿದ್ದರೆ ಯಾರ ಗತಿ ಏನೋ. ಇವರು "ಅಮ್ಮನಿಗೆ ಹೇಳ್ಬೇಡ" ಎನ್ನುತ್ತಿದ್ದಾರೆ. ಅತ್ತೆ ಟ್ರಂಕಿಗೆ ಸೀರೆ ಜೋಡಿಸುತ್ತಿದ್ದಾರೆ. ನೀನೂ ಬರೆಯಬೇಡ. ನಿನ್ನ ಅಣ್ಣನೇ ಬಾಯಿ ಬಿಟ್ಟು ಹೇಳಬೇಕು, ಅಲ್ಲಿಯವರೆಗೆ ನಾನು ಎಲ್ಲಿಗೂ ಹೋಗುವುದಿಲ್ಲ.

ಇಂತಿ,
ನಿನ್ನ ಅತ್ತಿಗೆ


ಜುಲೈ 28

ಬಿಚ್ಚಮ್ಮಾ,

ನಿನಗೆ ಎಲ್ಲ ಮೊದಲೇ ಗೊತ್ತಿತ್ತಂತೆ. ನನ್ನ ಹೊಟ್ಟೆಯಲ್ಲಿ ಹುಟ್ಟಿ ನನ್ನಿಂದಲೇ ಮುಚ್ಚಿಟ್ಟೆ. ಅದರ ವಿಚಾರಣೆ ನೀನು ಊರಿಗೆ ಬಂದಾಗ.

ಈ ತಿಂಗಳ ಮೊದಲ ವಾರ ನಿನ್ನ ಅಣ್ಣ ನನ್ನ ರೂಮಿಗೆ ಬಂದ. ನಾನು ಟ್ರಂಕಿನ ಮುಂದೆ ಕೂತಿದ್ದೆ. ಹೆಡ್‌ಫೋನ್ ತೆಗೆದು ನನ್ನ ತಲೆಗೆ ತಾನೇ ಹಾಕಿ, ಒಂಬತ್ತು ದೀಪಕ್ಕೆ ಏರಿಸಿ, ಮೈಕನ್ನು ಬಾಯಿಗೆ ಹಿಡಿದುಕೊಂಡು ಕೂತ. ಅವನ ಉಸಿರಷ್ಟೇ ಕೇಳುತ್ತಿತ್ತು. ನಾನು ಗದರಿದೆ, "ಹೇಳೋದು ಇದ್ರೆ ಹೇಳು, ಇಲ್ದಿದ್ರೆ ಮೈಕು ಕೆಳಗಿಡು." ಆಗ ಹೇಳಿದ. ನನ್ನ ಅಪ್ಪನಿಗೆ ಬಂದದ್ದು ನನಗೆ ಬಂತು, ನನ್ನಿಂದ ಅವನಿಗೆ. ನಾನು ಬೈಯಲಿಲ್ಲ. ಬೈಯುವುದಕ್ಕೆ ಯಾರನ್ನು ಹುಡುಕಲಿ?

ಮಾರನೆಯ ದಿನ ಕೋರ್ಟಿನಲ್ಲಿ ಜಡ್ಜ್ ಮುಂದೆ ಎಲ್ಲ ಹೇಳಿದನಂತೆ, ರೆಕಾರ್ಡರು ಮನೆಗೆ ಒಯ್ದದ್ದೂ ಸೇರಿ. ಅದಕ್ಕೆ ಎಚ್ಚರಿಕೆಯ ಪತ್ರ ಸಿಕ್ಕಿದೆ. ಶಾರ್ಟ್‌ಹ್ಯಾಂಡಿನಿಂದ ತೆಗೆದು ನಕಲು ವಿಭಾಗದಲ್ಲಿ ಕೂರಿಸಿದ್ದಾರೆ. ಅವನು ಈ ಒಂದೂವರೆ ವರ್ಷ ಬರೆದದ್ದನ್ನೆಲ್ಲ ಬೇರೊಬ್ಬರು ರೆಕಾರ್ಡಿಂಗ್ ಹಾಕಿಕೊಂಡು ತಾಳೆ ನೋಡುತ್ತಿದ್ದಾರೆ. ಅದು ಇನ್ನೂ ಮುಗಿದಿಲ್ಲ. ಅಲ್ಲಲ್ಲಿ ತಪ್ಪು ಸಿಕ್ಕಿವೆಯಂತೆ, ದೊಡ್ಡದು ಯಾವುದೂ ಸಿಕ್ಕಿಲ್ಲ, ಇಲ್ಲಿಯವರೆಗೆ. ಜೊತೆಯವರು ತನ್ನನ್ನು ನೋಡುವ ನೋಟವೇ ಬೇರೆಯಾಗಿದೆ ಎನ್ನುತ್ತಾನೆ. ಮಧ್ಯಾಹ್ನ ಒಬ್ಬನೇ ಊಟ ಮಾಡುತ್ತಾನೆ.

ಮೊನ್ನೆ ಅವನಿಗೆ ಕಿವಿಯ ಯಂತ್ರ ಬಂತು. ಅವನ ಬೆರಳು ನೆಟ್ಟಗಿದೆ, ಸುಲಭವಾಗಿ ಹಾಕಿಕೊಂಡ. ಹಾಕಿಕೊಂಡು ಮನೆಗೆ ಬಂದಾಗ ನಾನು ಊಟದ ಮೇಜಿನ ಬಳಿ ನರ್ಸಮ್ಮನ ಜೊತೆ ಕೂತಿದ್ದೆ. "ಬಂದ್ಯಾ? ಕೈಕಾಲು ತೊಳ್ಕೋ" ಎಂದೆ. ಅವನು ಎರಡೂ ಕಿವಿ ಮುಚ್ಚಿಕೊಂಡ.

"ಅಮ್ಮಾ, ನೀನು ಇಷ್ಟು ಜೋರಾಗಿ ಮಾತಾಡ್ತೀಯಾ?"

ನರ್ಸಮ್ಮ ಬಿದ್ದು ಬಿದ್ದು ನಕ್ಕಳು. ನಿನ್ನ ಅತ್ತಿಗೆ ಅಡುಗೆಮನೆಯಿಂದ, "ಯಾವಾಗ್ಲೂ ಹೀಗೇ. ಇಷ್ಟು ದಿನ ನಾನೊಬ್ಬಳೇ ಕೇಳ್ತಿದ್ದೆ. ಫೋನ್ ಬಂದ್ರೆ ನಾನು ಬಾಲ್ಕನಿಗೆ ಯಾಕೆ ಓಡ್ತಿದ್ದೆ ಅಂದ್ಕೊಂಡ್ರಿ?" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ನಗು ಮುಗಿದ ಮೇಲೆ ನನಗೆ ಒಂದು ಯೋಚನೆ ಬಂತು. ಈ ಆರು ತಿಂಗಳು ನಾನು ಇದೇ ಮೇಜಿನ ಬಳಿ, ಇದೇ ನರ್ಸಮ್ಮನ ಕಿವಿಯ ಹತ್ತಿರ ಬಾಗಿ, ಗುಟ್ಟಾಗಿ ಏನೇನು ಹೇಳಿಲ್ಲ? ನಿನ್ನ ಅತ್ತಿಗೆಯ ಫೋನು, ಅವಳ ತವರು, ಅವಳ ಅಡುಗೆ, ಮಕ್ಕಳಾಗದ್ದು. ಎಲ್ಲ ಪಿಸುಮಾತು ಎಂದುಕೊಂಡೇ ಹೇಳಿದ್ದು.

ನರ್ಸಮ್ಮ ಹೋದ ಮೇಲೆ ಅಡುಗೆಮನೆಗೆ ಹೋದೆ. ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋದೆ, ಅವಳು ಹೇಳುವುದು ಒಂದಕ್ಷರವೂ ತಪ್ಪಿಹೋಗಬಾರದು ಎಂದು. ಪ್ಲಗ್ ಹಾಕಿ, ಮೈಕನ್ನು ಅವಳ ಮುಂದಿಟ್ಟು, ಕೇಳಿದೆ.

"ನಾನು ನರ್ಸಮ್ಮನ ಹತ್ರ ಹೇಳ್ತಿದ್ದಿದ್ದೆಲ್ಲ ನಿನಗೆ ಕೇಳಿಸ್ತಿತ್ತಾ?"

"ಹ್ಞೂಂ."

"ಎಲ್ಲಾ?"

"ಎಲ್ಲಾ, ಅತ್ತೆ."

"ಮತ್ತೆ ಯಾಕೆ ಒಂದು ದಿನವೂ ತಿರುಗಿ ಮಾತಾಡ್ಲಿಲ್ಲ?"

ಅವಳು ಕೈ ಒರೆಸಿಕೊಂಡಳು. ಮೈಕಿನ ಹತ್ತಿರ ಬಾಗಿ, ನನಗೆ ಸರಿಯಾಗಿ ಕೇಳಿಸಲಿ ಎಂದು ನಿಧಾನವಾಗಿ ಹೇಳಿದಳು.

"ನೀವು ನನಗೆ ಹೇಳ್ತಿರ್ಲಿಲ್ವಲ್ಲ."

ಎರಡು ದಿನದಿಂದ ಆ ಮಾತನ್ನೇ ಯೋಚಿಸುತ್ತಿದ್ದೇನೆ. ನಿಮ್ಮ ಊರಿನಲ್ಲಿ ರೂಮು ನೋಡುವುದು ಬೇಡ.

ಇಂತಿ,
ಅಮ್ಮ